ಗಾಯಗೊಂಡ ಹಾವಿಗೆ ದಿಕ್ಕು ಯಾರು?

ಪಂಚಮಿ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೆಡೆ ಹುತ್ತಕ್ಕೆ ಹಾಲೆರೆಯುವವರ ಸಾಲು. ಹಬ್ಬ ಮುಗಿದ ಮೇಲೆ ಅದೇ ಹುತ್ತದ ಹಾವು ಲಾರಿ ಗಾಲಿಗೆ ಸಿಕ್ಕು ಬೆನ್ನು ಮುರಿದುಕೊಂಡು ರಸ್ತೆ ಬದಿ ಬಿದ್ದರೆ, 'ಇನ್ನೂ ಜೀವ ಐತಿ, ಒಂದು ಕಲ್ಲು ಹಾಕ್ರಲೇ' ಅನ್ನುವವರೇ ಹೆಚ್ಚು. ಬಸ್ಸಿಗೆ ಕಾದು ನಿಂತವರಿಗೆ ಈ ನೋಟ ಹೊಸದೇನಲ್ಲ.

ಗಾಡಿಯ ಗಾಲಿಯೊಂದೇ ಅಲ್ಲ. ಗಂಗಾವತಿ ಭಾಗದ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರ ಇಳಿದಾಗ, ಕಾಲುವೆ ದಂಡೆಯಲ್ಲಿ ಜೆಸಿಬಿ ಅಗೆಯುವಾಗ ಹಾವಿಗೆ ಏಟು ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನೈಲಾನ್ ಬಲೆ. ಕಣ್ಣಿಯಲ್ಲಿ ತಲೆ ತೂರಿಸಿದ ಹಾವು ಹಿಂದೆ ಸರಿಯಲಾರದು, ಹುರುಪೆಗೆ ದಾರ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ದಾರ ಮಾಂಸದೊಳಗೆ ಇಳಿಯುತ್ತದೆ. ಹೀಗೆ ಸಿಕ್ಕುವುದರಲ್ಲಿ ವಿಷವೇ ಇಲ್ಲದ ಕೇರೆ ಹಾವೂ ಇದೆ. ಗೋದಾಮಿನ ಚೀಲ ಕಡಿಯುವ ಇಲಿಯನ್ನು ಪುಕ್ಕಟೆ ಹಿಡಿಯುವ ಆಳು ಅದು. ಅದರ ಬೆಲೆ ಎಷ್ಟೆಂದು ಅಕ್ಕಿ ವ್ಯಾಪಾರಿಗಳೇ ಲೆಕ್ಕ ಹಾಕಲಿ.

ಹಾಗಂತ ಜನರ ಭಯ ಸುಳ್ಳಲ್ಲ. 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಅಂದಾಜು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿದ್ದು ಸುಮ್ಮನೆ ಅಲ್ಲ. ನೊಂದ ಹಾವು ಹೆಚ್ಚು ಕಚ್ಚುತ್ತದೆ. ಸತ್ತಂತೆ ಬಿದ್ದದ್ದೂ ಕಚ್ಚೀತು. ಆದ್ದರಿಂದ ಕೈಯಲ್ಲಿ ಎತ್ತಿಕೊಳ್ಳಿರೆಂದು ಯಾರೂ ಹೇಳುವುದಿಲ್ಲ. ದೂರ ನಿಂತು, ಹುಡುಗರನ್ನೂ ನಾಯಿಗಳನ್ನೂ ಸರಿಸಿ, ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿದರೆ ಸಾಕು. ಅರಿಶಿನ, ಎಣ್ಣೆ, ಹಾಲು ಯಾವುದೂ ಬೇಡ. ಬಲೆಯನ್ನು ಜಗ್ಗುವುದಂತೂ ಬೇಡವೇ ಬೇಡ.

ಮುಂದಿನದೇ ಕಷ್ಟದ ಮಾತು. ಹಾವಿನದು ತಣ್ಣನೆಯ ಮೈ, ಗಾಯ ಮಾಯುವುದು ಬಲು ನಿಧಾನ. ಹೊಲಿಗೆ ಹಾಕಿದರೆ ವಾರಗಟ್ಟಲೆ ಬಿಚ್ಚುವಂತಿಲ್ಲ. ಬೆಚ್ಚಗೆ ಇಟ್ಟು, ನೀರು ಕೊಟ್ಟು, ಪೊರೆ ಕಳಚುವವರೆಗೆ ಕಾಯಬೇಕಾದದ್ದೂ ಉಂಟು. ಬೆಳಿಗ್ಗೆ ಮುಲಾಮು ಹಚ್ಚಿ ಸಂಜೆ ಗುಡ್ಡಕ್ಕೆ ಬಿಟ್ಟು ಬಂದರೆ ಅದು ರಕ್ಷಣೆಯಲ್ಲ, ಕಣ್ಮರೆಯಲ್ಲಿ ಸಾಯಲು ಬಿಟ್ಟಂತೆ. ಬೆಂಗಳೂರಿನ ಕೆಂಗೇರಿಯಲ್ಲಿ ಇಂಥ ಪ್ರಾಣಿಗಳಿಗೆಂದೇ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ಇದೆ, ನಮ್ಮ ಹಾವು ಅಲ್ಲಿಗೆ ಹೋಗುವುದು ಯಾವ ಬಸ್ಸಿಗೆ? ಆದರೆ ಯಲಬುರ್ಗಾದವರಿಗೆ ಗದಗದ ಬಿಂಕದಕಟ್ಟಿ ಮೃಗಾಲಯ, ಗಂಗಾವತಿಯವರಿಗೆ ಹೊಳೆಯಾಚೆಯ ಕಮಲಾಪುರದ ಮೃಗಾಲಯ ಅಷ್ಟು ದೂರವಲ್ಲ. ಅಲ್ಲಿನ ವೈದ್ಯರ ಸಲಹೆ ತಾಲೂಕಿನ ಪಶುವೈದ್ಯರಿಗೆ ಫೋನಿನಲ್ಲಿ ಸಿಗುವಂತೆ, ಕೈಮೀರಿದ ಹಾವು ಅಲ್ಲಿಗೆ ಮುಟ್ಟುವಂತೆ ಒಂದು ಕಾಯಂ ಏರ್ಪಾಡು ಮಾಡಲು ದೊಡ್ಡ ಬಜೆಟ್ಟು ಬೇಕಿಲ್ಲ. ಗಾಳಿಯಾಡುವ ಭದ್ರ ಪೆಟ್ಟಿಗೆ, ಉದ್ದನೆಯ ಕೊಕ್ಕೆ, ಪಳಗಿದ ಒಬ್ಬ ಸಿಬ್ಬಂದಿ ಇದ್ದರೆ ಕೆಲಸ ಸುರುವಾಗುತ್ತದೆ.

ಗುಣವಾದ ಮೇಲೆ ಎಲ್ಲಿ ಬಿಡಬೇಕು ಅನ್ನುವುದೂ ಸಣ್ಣ ಪ್ರಶ್ನೆಯಲ್ಲ. 'ಊರಿಂದ ದೂರ ಒಗೆದು ಬರ್ರಿ' ಅನ್ನುವುದು ಎಲ್ಲರ ಬಾಯಿಮಾತು. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಿಂದ ಕಾಳಿಂಗ ಸರ್ಪಗಳ ಮೈಯೊಳಗೆ ರೇಡಿಯೋ ಇಟ್ಟು ಬೆನ್ನು ಹತ್ತಿದರು. ಹಿಡಿದ ಜಾಗದಿಂದ ದೂರ ಬಿಟ್ಟದ್ದು ನೆಲೆ ಸಿಗದೆ ಬಲು ದೂರ ಅಲೆಯಿತು. ನಮ್ಮ ನಾಗರಹಾವು, ಕೇರೆಗಳಿಗೂ ಪರಿಚಯದ ಬಿಲ, ಪರಿಚಯದ ಬೇಟೆ ಬೇಕು. ಸಿಕ್ಕ ಜಾಗದ ಹತ್ತಿರವೇ, ಜನವಸ್ತಿ ತಪ್ಪಿಸಿ ಬಿಡುವುದು ಲೇಸು.

ಊರಲ್ಲಿ ಹಾವು ಹಿಡಿಯುವ ಹುಮ್ಮಸ್ಸಿನ ಹುಡುಗರಿದ್ದಾರೆ. ಅವರ ಧೈರ್ಯಕ್ಕೆ ಶಹಬ್ಬಾಸ್. ಕೊರಳಿಗೆ ಸುತ್ತಿಕೊಂಡು ಫೋಟೋ ತೆಗೆಸುವ ಚಾಳಿಗೆ ಮಾತ್ರ ಶಹಬ್ಬಾಸ್ ಇಲ್ಲ. ಹಾವಿನ ಗಾಯ ಹಿಗ್ಗುತ್ತದೆ, ಹುಡುಗನ ಮನೆಯವರಿಗೆ ಕಣ್ಣೀರು. ಮನೆಯಲ್ಲಿ ಡಬ್ಬಿಯೊಳಗಿಟ್ಟು ಸಾಕುವುದೂ 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. 2022ರ ತಿದ್ದುಪಡಿಯಲ್ಲಿ ನಾಗರ, ಕೊಳಕುಮಂಡಲ, ಕೇರೆ ಮೂರೂ ಮೊದಲನೇ ಪಟ್ಟಿಗೆ ಏರಿವೆ. ಕಲ್ಲು ಎತ್ತುವವರಿಗೂ ಈ ಮಾತು ಗೊತ್ತಿರಲಿ. ಈ ಹುಡುಗರಿಗೆ ಇಲಾಖೆಯೇ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಹೆಸರು ಬರೆದಿಟ್ಟುಕೊಳ್ಳಬಾರದೇಕೆ?

ನಾಲ್ಕೂ ಬಸ್ ನಿಲ್ದಾಣಗಳಲ್ಲಿ, ಎಪಿಎಂಸಿ ಗೇಟಿನಲ್ಲಿ ಎದ್ದು ಕಾಣುವ ಫಲಕ ಹಾಕಿ, ಫೋನ್ ನಂಬರಿನ ಜೊತೆಗೆ ಗಾಯಗೊಂಡ ಹಾವನ್ನು ಯಾವ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಬರೆಸಲಿ. ಮುಂದಿನ ಭತ್ತದ ಸುಗ್ಗಿಗೆ ಯಂತ್ರಗಳು ಗದ್ದೆಗೆ ಇಳಿಯುವುದರೊಳಗೆ ಇಷ್ಟಾದರೂ ಆಗಬೇಕು.