ಹಿಮದ ಹಾದಿ ಮತ್ತು ಹಿಂಚಕ್ರದ ಕಾರು

ನಮ್ಮ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿ, ಹೆಚ್ಚಿನ ವ್ಯಾಸಂಗಕ್ಕೆಂದು ಕಳೆದ ವರ್ಷ ಸ್ವೀಡನ್ ದೇಶಕ್ಕೆ ತೆರಳಿದ ವಿದ್ಯಾರ್ಥಿಯೊಬ್ಬನು ಚಳಿಗಾಲದ ಆರಂಭದಲ್ಲಿ ನಮಗೊಂದು ಪತ್ರ ಬರೆದನು. ಆತನು ಮಲೆನಾಡಿನವನು, ಹುಡುಗತನದಿಂದಲೇ ತಂದೆಯ ಜೀಪಿನಲ್ಲಿ ಕುಳಿತು ಘಟ್ಟದ ರಸ್ತೆಗಳನ್ನು ಕಂಡವನು. ಸ್ವೀಡನ್ನಿನಲ್ಲಿ ಆತನು ಅಗ್ಗದ ಬೆಲೆಗೆ ಹಳೆಯ ಕಾರೊಂದನ್ನು ಕೊಂಡನು. ಅದರ ಎಂಜಿನ್ನು ಮುಂದುಗಡೆ ಇದ್ದರೂ ಬಲ ಸಲ್ಲುತ್ತಿದ್ದುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ದಿನ, ಬೇಸಗೆಯ ಟೈರುಗಳಲ್ಲಿಯೇ ಆತನು ಮನೆಯಿಂದ ಹೊರಟನು. ಇಳಿಜಾರಿನ ತಿರುವೊಂದರಲ್ಲಿ, ನಮ್ಮ ಘಟ್ಟದ ಚಾಲಕರ ಪದ್ಧತಿಯಂತೆ, ಗೇರನ್ನು ಇಳಿಸಿದನು. ಒಡನೆಯೇ ಕಾರಿನ ಹಿಂಭಾಗವು ಪಕ್ಕಕ್ಕೆ ಜಾರಿತು. ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಿದನು. ಕಾರು ಅರ್ಧ ಸುತ್ತು ತಿರುಗಿ, ಕೂಡುರಸ್ತೆಯನ್ನು ಅಡ್ಡಲಾಗಿ ದಾಟಿ, ಆಚೆ ಬದಿಯ ಚರಂಡಿಗೆ ಇಳಿದು ನಿಂತಿತು. ಆ ಗಳಿಗೆಯಲ್ಲಿ ರಸ್ತೆಯನ್ನು ಯಾರೂ ದಾಟುತ್ತಿರಲಿಲ್ಲ.

“ಘರ್ಷಣೆಯ ಲೆಕ್ಕಕ್ಕೆ ನೀವು ನನಗೆ ಪೂರ್ಣ ಅಂಕ ಕೊಟ್ಟಿದ್ದಿರಿ, ಸಾರ್. ಆ ದಿನ ಅದೊಂದೂ ನೆನಪಿಗೆ ಬರಲಿಲ್ಲ. ಈ ಕಾರನ್ನು ಮಾರಿ, ನಾಲ್ಕು ಚಕ್ರಗಳಿಗೂ ಬಲ ಸಲ್ಲುವ ಕಾರನ್ನು ಕೊಳ್ಳೆಂದು ಇಲ್ಲಿಯ ಗೆಳೆಯರೆಲ್ಲ ಹೇಳುತ್ತಿದ್ದಾರೆ. ಅದಕ್ಕೆ ಸಾಲ ಮಾಡಬೇಕಾಗುತ್ತದೆ. ತಾವು ಏನು ಹೇಳುವಿರಿ?” ಎಂದು ಆತನು ಕೇಳಿದ್ದನು.

ಈ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿ ಬಹಿರಂಗವಾಗಿ ಹೇಳಬಯಸುತ್ತೇವೆ. ಹಿಮದ ರಸ್ತೆ ಕನ್ನಡಿಗರಿಗೆ ಸಂಬಂಧಿಸಿದ ವಿಷಯವಲ್ಲವೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ತರುಣರು ಶೀತದೇಶಗಳಿಗೆ ಓದಲೂ ದುಡಿಯಲೂ ಹೋಗುತ್ತಿರುವರು. ೨೦೨೦ರಲ್ಲಿ ರೋಹ್ತಾಂಗ್ ಕಣಿವೆದಾರಿಯ ಕೆಳಗೆ ಸುಮಾರು ಒಂಬತ್ತು ಕಿಲೋಮೀಟರು ಉದ್ದದ ಅಟಲ್ ಸುರಂಗವು ತೆರೆದ ಮೇಲೆ, ಮನಾಲಿಗೆ ಹೋದ ಪ್ರವಾಸಿಗರು ಚಳಿಗಾಲದಲ್ಲಿಯೂ ಆಚೆಯ ಹಿಮವನ್ನು ನೋಡಲು ಕಾರಿನಲ್ಲಿಯೇ ಹೋಗುವಂತಾಗಿದೆ. ಅವರಲ್ಲಿ ಹಿಮದ ಮೇಲೆ ಎಂದೂ ಬ್ರೇಕು ಒತ್ತದವರೇ ಹೆಚ್ಚು.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇವೆ. ಹಿಮದಲ್ಲಿ ಕಾರನ್ನು ಕಾಯುವುದು ಯಾವ ಚಕ್ರಕ್ಕೆ ಎಂಜಿನ್ನಿನ ಬಲ ಸಲ್ಲುತ್ತದೆ ಎಂಬುದಲ್ಲ. ಟೈರಿಗೂ ನೆಲಕ್ಕೂ ನಡುವೆ ಎಷ್ಟು ಘರ್ಷಣೆ ಇದೆ ಎಂಬುದು, ಮತ್ತು ಆ ಘರ್ಷಣೆಯ ಮಿತಿಯನ್ನು ಚಾಲಕನ ಕೈಕಾಲುಗಳು ಅರಿತಿವೆಯೆ ಎಂಬುದು. ಹಿಂಚಕ್ರದ ಕಾರಿಗೆ ಬಂದಿರುವ ಅಪಕೀರ್ತಿಯಲ್ಲಿ ಅರ್ಧ ಮಾತ್ರ ನ್ಯಾಯವಾದುದು.

ಆ ನ್ಯಾಯವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಚಕ್ರವು ನೆಲವನ್ನು ಎಷ್ಟು ಬಲದಿಂದ ತಳ್ಳಬಲ್ಲುದೆಂಬುದು ಅದರ ಮೇಲೆ ಬಿದ್ದಿರುವ ಭಾರವನ್ನೂ ಘರ್ಷಣಾ ಗುಣಾಂಕವನ್ನೂ ಅವಲಂಬಿಸಿದೆ. ಈ ಗುಣಾಂಕವು ಒಣಗಿದ ಡಾಂಬರಿನ ಮೇಲೆ ಸುಮಾರು ೦.೮, ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು ೦.೨, ಒದ್ದೆಯಾದ ಮಂಜುಗಡ್ಡೆಯ ಮೇಲೆ ೦.೧ ಅಥವಾ ಇನ್ನೂ ಕಡಿಮೆ. ೧೨೦೦ ಕಿಲೋಗ್ರಾಂ ತೂಕದ ಒಂದು ಕಾರನ್ನು ಭಾವಿಸಿಕೊಳ್ಳಿ. ಎಂಜಿನ್ನು ಮುಂದಿದ್ದು ಹಿಂಭಾಗ ಬರಿದಾಗಿರುವಾಗ ಹಿಂಚಕ್ರಗಳ ಮೇಲೆ ಬೀಳುವ ಭಾರ ನೂರಕ್ಕೆ ೪೫ರಷ್ಟು, ಅಂದರೆ ೫೪೦ ಕಿಲೋಗ್ರಾಂ ಎನ್ನೋಣ. ಗುಣಾಂಕ ೦.೨ ಆದರೆ ಆ ಚಕ್ರಗಳಿಗೆ ದೊರೆಯುವ ನೂಕುಬಲ ೧೦೮ ಕಿಲೋಗ್ರಾಂ ಭಾರದಷ್ಟು. ಹನ್ನೊಂದು ಅಡಿಗೆ ಒಂದು ಅಡಿ ಏರುವ ರಸ್ತೆಯನ್ನು ಹತ್ತುವುದೇ ಈ ಕಾರಿಗೆ ಪ್ರಯಾಸ. ಅದೇ ತೂಕದ ಮುಂಚಕ್ರದ ಕಾರಿನಲ್ಲಿ ಎಂಜಿನ್ನೂ ಬಲ ಪಡೆಯುವ ಚಕ್ರಗಳೂ ಒಂದೇ ಕಡೆ ಇರುವುದರಿಂದ ಆ ಚಕ್ರಗಳ ಮೇಲೆ ನೂರಕ್ಕೆ ೬೦ರಷ್ಟು ಭಾರವಿರಬಹುದು. ಅದು ಸುಮಾರು ಎಂಟು ಅಡಿಗೆ ಒಂದು ಅಡಿಯ ಏರನ್ನು ಹತ್ತೀತು. ನಾಲ್ಕು ಚಕ್ರಗಳಿಗೂ ಬಲ ಸಲ್ಲುವ ಕಾರು ಐದಕ್ಕೆ ಒಂದರ ಏರನ್ನೂ ಹತ್ತೀತು. ಏರಿನಲ್ಲಿ ಭಾರವು ಕೊಂಚ ಹಿಂದಕ್ಕೆ ಸರಿಯುವುದುಂಟು. ಸರಳತೆಗಾಗಿ ಅದನ್ನು ಇಲ್ಲಿ ಬಿಟ್ಟಿದ್ದೇವೆ. ಅಂತೂ ಗೆಳೆಯರ ಮಾತು ಹುರುಳಿಲ್ಲದ್ದಲ್ಲ.

ಇಲ್ಲಿ ಮುಖ್ಯವಾದುದು ಭಾರ ಎಲ್ಲಿದೆ ಎಂಬುದೇ ಹೊರತು ಚಕ್ರ ಹಿಂದಿದೆಯೆ ಮುಂದಿದೆಯೆ ಎಂಬುದಲ್ಲ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕೂಡ ಹಿಂಚಕ್ರದ ಕಾರೇ. ಆದರೆ ಅದರ ಎಂಜಿನ್ನು ಹಿಂದೆಯೇ ಇದ್ದುದರಿಂದ ಹಿಮದಲ್ಲಿ ಚೆನ್ನಾಗಿ ಹತ್ತುವುದೆಂದು ಹೆಸರು ಪಡೆದಿತ್ತು. ಮಳೆಗಾಲದ ಕೆಸರಿನಲ್ಲಿ ಬರಿಯ ಜೀಪು ಜಾರುವ ಕಡೆ, ಅಡಕೆ ಮೂಟೆ ಹೇರಿದ ಜೀಪು ಹತ್ತುವುದನ್ನು ಮಲೆನಾಡಿನವರು ಬಲ್ಲರು. ಶೀತದೇಶಗಳಲ್ಲಿಯೂ ಹಿಂಚಕ್ರದ ಕಾರಿನ ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನು ಇಡುವ ರೂಢಿಯುಂಟು. ನಮ್ಮ ಲೆಕ್ಕದ ಕಾರಿಗೆ ಹಿಂದಿನ ಅಚ್ಚಿನ ಮೇಲೆ ೧೦೦ ಕಿಲೋಗ್ರಾಂ ಮರಳು ಹೇರಿದರೆ ಹನ್ನೊಂದಕ್ಕೆ ಒಂದರ ಬದಲು ಹತ್ತಕ್ಕೆ ಒಂದರ ಏರು ಸಾಧ್ಯವಾದೀತು. ಲಾಭವಿದೆ, ಆದರೆ ಸ್ವಲ್ಪವೇ. ಚೀಲಗಳನ್ನು ಭದ್ರವಾಗಿ ಕಟ್ಟದಿದ್ದರೆ ಬ್ರೇಕು ಒತ್ತಿದಾಗ ಅವೇ ಮುಂದಕ್ಕೆ ನುಗ್ಗಿ ಅಪಾಯ ತರುವುವು.

ಈಗ ಟೈರಿನ ಕಡೆಗೆ ಬರೋಣ. ಬೇಸಗೆಯ ಟೈರಿನ ರಬ್ಬರು ಚಳಿಯಲ್ಲಿ ಗಡಸಾಗಿ ನೆಲದ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳದೆ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೃದುವಾಗಿಯೇ ಉಳಿಯುವಂತೆ ಬೆರೆಸಿದುದು. ಅದರ ಮೈಮೇಲೆ ಅಸಂಖ್ಯ ಸಣ್ಣ ಸೀಳುಗಳೂ ಆಳವಾದ ಗಾಡಿಗಳೂ ಇರುತ್ತವೆ. ಆ ಗಾಡಿಗಳಲ್ಲಿ ಸಿಕ್ಕಿದ ಹಿಮವು ರಸ್ತೆಯ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಇದರಿಂದ ಗುಣಾಂಕವು ೦.೨ರಿಂದ ೦.೩ಕ್ಕೆ ಏರಿತೆಂದು ಇಟ್ಟುಕೊಳ್ಳೋಣ. ಆಗ ನಮ್ಮ ಹಿಂಚಕ್ರದ ಕಾರು, ಮರಳಿನ ಹಂಗಿಲ್ಲದೆಯೇ, ಏಳೂವರೆ ಅಡಿಗೆ ಒಂದು ಅಡಿಯ ಏರನ್ನು ಹತ್ತುತ್ತದೆ. ಎಂದರೆ ಬೇಸಗೆಯ ಟೈರು ಹಾಕಿದ ಮುಂಚಕ್ರದ ಕಾರನ್ನು ಮೀರಿಸುತ್ತದೆ.

ಹತ್ತುವ ಮಾತು ಹಾಗಿರಲಿ. ಪ್ರಾಣದ ಪ್ರಶ್ನೆ ಇರುವುದು ನಿಲ್ಲುವುದರಲ್ಲಿ. ಹತ್ತಲಾರದ ಕಾರು ಮನೆಯಲ್ಲಿ ಉಳಿಯುತ್ತದೆ. ನಿಲ್ಲಲಾರದ ಕಾರು ಕೂಡುರಸ್ತೆಯಲ್ಲಿ ಹಾದುಹೋಗುತ್ತದೆ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುವುದರಿಂದ, ನಿಲ್ಲುವ ವಿಷಯದಲ್ಲಿ ನಾಲ್ಕು ಚಕ್ರಗಳ ಚಾಲನೆಯ ಕಾರಿಗೆ ಯಾವ ಹೆಚ್ಚಳವೂ ಇಲ್ಲ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿರುವ ಕಾರು ಬ್ರೇಕು ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ. ಗುಣಾಂಕ ೦.೩ ಇದ್ದಲ್ಲಿ ೩೩ ಮೀಟರು, ೦.೨ ಇದ್ದಲ್ಲಿ ೪೯ ಮೀಟರು, ೦.೧ ಇದ್ದಲ್ಲಿ ೯೮ ಮೀಟರು ಬೇಕು. ವೇಗದ ವರ್ಗವನ್ನು ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿ ಈ ಅಂಕಿಗಳನ್ನು ವಾಚಕರೇ ಪರೀಕ್ಷಿಸಿಕೊಳ್ಳಬಹುದು. ಈ ಲೆಕ್ಕದಲ್ಲಿ ಕಾರಿನ ತೂಕವೂ ಬರುವುದಿಲ್ಲ, ಬಲ ಪಡೆಯುವ ಚಕ್ರವೂ ಬರುವುದಿಲ್ಲ. ಒಳ್ಳೆಯ ಟೈರಿನ ಹಿಂಚಕ್ರದ ಕಾರು ನಿಂತ ಸ್ಥಳದಲ್ಲಿ, ಬೇಸಗೆಯ ಟೈರಿನ ನಾಲ್ಕು ಚಕ್ರಗಳ ಚಾಲನೆಯ ಕಾರು ಇನ್ನೂ ಗಂಟೆಗೆ ಸುಮಾರು ೨೯ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ! ಸಲೀಸಾಗಿ ಹೊರಟ ಕಾರು ಅಷ್ಟೇ ಸಲೀಸಾಗಿ ನಿಲ್ಲುವುದೆಂಬ ಭ್ರಮೆಯನ್ನು ಅದು ಚಾಲಕನಲ್ಲಿ ಹುಟ್ಟಿಸುವುದೊಂದು ದೊಡ್ಡ ಕೇಡು.

ಮಂಜುಗಡ್ಡೆ ಇಷ್ಟೊಂದು ಜಾರುವುದೇಕೆ? ಒತ್ತಡದಿಂದ ಅದು ಕರಗಿ ನೀರಾಗುವುದೇ ಕಾರಣವೆಂದು ಅನೇಕ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಆದರೆ ಒಂದು ವಾಯುಭಾರದಷ್ಟು ಒತ್ತಡಕ್ಕೆ ಮಂಜುಗಡ್ಡೆಯ ದ್ರವನಬಿಂದು ಇಳಿಯುವುದು ಒಂದು ಡಿಗ್ರಿಯ ಸಾವಿರದಲ್ಲಿ ಏಳೆಂಟು ಪಾಲು ಮಾತ್ರ. ಕಾರಿನ ಟೈರು ನೆಲವನ್ನು ಒತ್ತುವುದು ಎರಡು ಮೂರು ವಾಯುಭಾರಗಳಷ್ಟು. ಇದರಿಂದ ಏನೂ ಕರಗಲಾರದು. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸಹಜವಾಗಿಯೇ ನೀರಿನಂತಹ ತೆಳುಪದರ ಇರುವುದೆಂದು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಊಹಿಸಿದ್ದನು. ಆ ಪದರವೂ, ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ಜಾರಿಕೆಗೆ ಕಾರಣಗಳೆಂದು ಇಂದು ತಿಳಿದಿದೆ. ಕಡುಚಳಿಯ ದಿನಕ್ಕಿಂತ, ಉಷ್ಣತೆಯು ಸೊನ್ನೆಯ ಆಸುಪಾಸಿನಲ್ಲಿರುವ ದಿನದ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ. “ಇಂದು ಚಳಿ ಕಡಿಮೆ” ಎಂದು ಚಾಲಕನು ನಿರಾಳನಾಗತಕ್ಕದ್ದಲ್ಲ.

ನಮ್ಮ ವಿದ್ಯಾರ್ಥಿಯ ಕಾರು ತಿರುಗಿದುದೇಕೆಂಬುದನ್ನು ಈಗ ವಿವರಿಸಬಹುದು. ಟೈರಿನ ಹಿಡಿತವು ಒಂದೇ ಥೈಲಿಯ ಹಣವಿದ್ದಂತೆ. ಮುಂದಕ್ಕೆ ನೂಕಲು, ತಡೆಯಲು, ಪಕ್ಕಕ್ಕೆ ಜಾರದಂತೆ ಹಿಡಿಯಲು, ಎಲ್ಲಕ್ಕೂ ಅದರಿಂದಲೇ ವೆಚ್ಚವಾಗಬೇಕು. ಒಣ ರಸ್ತೆಯಲ್ಲಿ ಥೈಲಿ ತುಂಬಿರುತ್ತದೆ. ಹಿಮದಲ್ಲಿ ಕಾಲುಭಾಗ ಮಾತ್ರ. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬ ಘಟ್ಟದ ನಿಯಮ ಒಳ್ಳೆಯದೇ. ಆದರೆ ಹಿಂಚಕ್ರದ ಕಾರಿನಲ್ಲಿ ಎಂಜಿನ್ನಿನ ತಡೆಯೆಲ್ಲ ಹಿಂಚಕ್ರಗಳ ಮೇಲೆಯೇ ಬೀಳುತ್ತದೆ. ತಿರುವಿನ ನಡುವೆ ಹಠಾತ್ತಾಗಿ ಗೇರು ಇಳಿಸಿದಾಗ ಥೈಲಿ ಬರಿದಾಯಿತು; ಪಕ್ಕದ ಹಿಡಿತಕ್ಕೆ ಏನೂ ಉಳಿಯಲಿಲ್ಲ; ಹಿಂಭಾಗ ಜಾರಿತು. ಮೇಲೆ ಬ್ರೇಕು ಒತ್ತಿದಾಗ ಚಕ್ರಗಳೆಲ್ಲ ಬಿಗಿದು ನಿಂತು, ಮುಂಚಕ್ರಗಳೂ ಸ್ಟಿಯರಿಂಗಿನ ಮಾತನ್ನು ಕೇಳದಾದುವು.

ಆದಕಾರಣ, ಗೇರನ್ನು ತಿರುವಿಗೆ ಮುಂಚೆಯೇ, ನೇರ ರಸ್ತೆಯಲ್ಲಿ, ಮೆಲ್ಲನೆ ಇಳಿಸಬೇಕು. ಹೊರಡುವಾಗ ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಗಿರ್ರನೆ ತಿರುಗುವ ಚಕ್ರವು ಹಿಮವನ್ನು ನುಣುಪುಮಾಡಿ ತನ್ನ ದಾರಿಯನ್ನು ತಾನೇ ಕೆಡಿಸಿಕೊಳ್ಳುತ್ತದೆ. ಹಿಂಭಾಗವು ಜಾರಿದರೆ ಬ್ರೇಕನ್ನು ಮುಟ್ಟದೆ, ಕ್ಲಚ್ಚನ್ನು ಒತ್ತಿ, ಹಿಂಭಾಗ ಜಾರುತ್ತಿರುವ ದಿಕ್ಕಿಗೇ ಸ್ಟಿಯರಿಂಗನ್ನು ತಿರುಗಿಸಬೇಕು. ಕಾರು ನೆಟ್ಟಗಾದೊಡನೆ ಸ್ಟಿಯರಿಂಗನ್ನೂ ನೆಟ್ಟಗೆ ತರಬೇಕು. ಎಲ್ಲಕ್ಕಿಂತ ಮೊದಲು ವೇಗವನ್ನು ತಗ್ಗಿಸಬೇಕು. ಗಂಟೆಗೆ ೫೦ ಕಿಲೋಮೀಟರಿನ ಬದಲು ೩೦ರಲ್ಲಿ ಹೋದರೆ, ಹಿಮದ ಮೇಲೆ ೪೯ ಮೀಟರಿನಲ್ಲಿ ನಿಲ್ಲುವ ಕಾರು ೧೮ ಮೀಟರಿನಲ್ಲಿಯೇ ನಿಲ್ಲುವುದು.

ಸ್ವೀಡನ್ನಿನ ಜನ ಇದನ್ನು ಅನುಭವದಿಂದ ಕಲಿತವರು. ಅಲ್ಲಿಯ ವೋಲ್ವೊ ೨೪೦ ಎಂಬ ಕಾರು ೧೯೭೪ರಿಂದ ೧೯೯೩ರವರೆಗೆ ತಯಾರಾಯಿತು. ಅದು ಹಿಂಚಕ್ರದ ಕಾರೇ. ಅದರಲ್ಲಿಯೇ ಅವರು ಎಷ್ಟೋ ಚಳಿಗಾಲಗಳನ್ನು ಕಳೆದರು. ಅಲ್ಲಿಯ ಕಾಯಿದೆಯು ಯಾವ ಚಕ್ರಕ್ಕೆ ಬಲ ಸಲ್ಲುವುದೆಂದು ಕೇಳುವುದಿಲ್ಲ. ಡಿಸೆಂಬರ್ ೧ರಿಂದ ಮಾರ್ಚ್ ೩೧ರವರೆಗೆ, ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದಾಗ, ಚಳಿಗಾಲದ ಟೈರು ಇರಲೇಬೇಕೆಂದೂ, ಅದರ ಗಾಡಿಯ ಆಳ ೩ ಮಿಲಿಮೀಟರಿಗೆ ಕಡಿಮೆ ಇರಕೂಡದೆಂದೂ ವಿಧಿಸುತ್ತದೆ. ಇದಲ್ಲದೆ ಅಲ್ಲಿ ಕಾರಿನ ಲೈಸೆನ್ಸು ಪಡೆಯುವವನು ಜಾರುನೆಲದ ಪಥವೊಂದರಲ್ಲಿ ಕಡ್ಡಾಯವಾಗಿ ಪಾಠ ಕಲಿಯಬೇಕು. ಭಾರತದ ಲೈಸೆನ್ಸಿನಿಂದ ಮೊದಲ ವರ್ಷ ಕಾರು ಓಡಿಸುತ್ತಿದ್ದ ನಮ್ಮ ಹುಡುಗನಿಗೆ ಆ ಪಾಠ ಆಗಿರಲಿಲ್ಲ.

ಹಿಂಚಕ್ರದ ಕಾರು ಇನ್ನು ಹಳೆಯ ಮಾತು ಎಂದು ಯಾರಾದರೂ ಹೇಳಬಹುದು. ವಾಸ್ತವವಾಗಿ ಅದು ಮರಳಿ ಬಂದಿದೆ. ೧೯೯೮ರಲ್ಲಿ ಹಿಂಚಕ್ರಕ್ಕೆ ವಿದಾಯ ಹೇಳಿದ್ದ ವೋಲ್ವೊ ಸಂಸ್ಥೆಯೇ ೨೦೨೩ರಲ್ಲಿ ತನ್ನ ವಿದ್ಯುತ್ ಕಾರುಗಳ ಮೂಲಕ ಅದಕ್ಕೆ ಹಿಂದಿರುಗಿತು. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯು ನೆಲದಡಿಯಲ್ಲಿ ಹರಡಿರುವುದರಿಂದ ಹಿಂಚಕ್ರಗಳ ಮೇಲೂ ಸಾಕಷ್ಟು ಭಾರ ಬೀಳುತ್ತದೆ. ಜಾರುವ ಚಕ್ರವನ್ನು ಗುರುತಿಸಿ ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕು ಹಾಕುವ ಯಂತ್ರವ್ಯವಸ್ಥೆಯೂ ೧೯೯೫ರಿಂದ ಬಳಕೆಗೆ ಬಂದಿದೆ. ಅದು ಅನೇಕರ ಪ್ರಾಣ ಉಳಿಸಿರುವುದು ನಿಜ. ಆದರೆ ಇದ್ದ ಘರ್ಷಣೆಯನ್ನು ಅದು ಜಾಣತನದಿಂದ ಹಂಚಬಲ್ಲುದೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದು.

ಕಾರನ್ನು ಮಾರಬೇಡ, ಸಾಲವನ್ನೂ ಮಾಡಬೇಡ; ಒಳ್ಳೆಯ ಚಳಿಗಾಲದ ಟೈರುಗಳನ್ನು ಕೊಂಡು, ಜಾರುಪಥದ ಪಾಠಕ್ಕೆ ಹೋಗು ಎಂದು ನಾವು ಬರೆದೆವು. ಆತನು ಹಾಗೆಯೇ ಮಾಡಿದನು. ಪಾಠ ಮುಗಿಸಿ ಬರೆದ ಪತ್ರದಲ್ಲಿ, ಅಲ್ಲಿಯ ಶಿಕ್ಷಕರು ತನ್ನನ್ನು ಬೇಕೆಂದೇ ಮತ್ತೆಮತ್ತೆ ಜಾರಿಸಿದರೆಂದೂ, ಕಡೆಗೆ ಬ್ರೇಕಿನ ಕಡೆಗೆ ಓಡುತ್ತಿದ್ದ ಕಾಲು ತಾನಾಗಿಯೇ ತಡೆದು ನಿಂತಿತೆಂದೂ ತಿಳಿಸಿದ್ದನು.

ಆ ಪತ್ರದಿಂದ ನಾವೂ ಒಂದು ಪಾಠ ಕಲಿತೆವು. ಘರ್ಷಣೆ ಎಂದರೆ ಮೇಜಿನ ಮೇಲಿನ ಮರದ ತುಂಡು ಎಂದು ನಾವು ವರ್ಷವರ್ಷವೂ ಬೋಧಿಸಿ ಅಂಕ ಕೊಡುತ್ತಿದ್ದೇವೆ. ಪೂರ್ಣ ಅಂಕ ಪಡೆದ ಹುಡುಗನು ಜಾರುವ ರಸ್ತೆಯಲ್ಲಿ ಬ್ರೇಕು ಒತ್ತಿದನೆಂದರೆ, ಆ ತಪ್ಪಿನಲ್ಲಿ ಅಧ್ಯಾಪಕರ ಪಾಲೂ ಇದೆ. ಈ ವರ್ಷ ನಮ್ಮ ತರಗತಿಯಲ್ಲಿ ಮರದ ತುಂಡಿನ ಲೆಕ್ಕವಾದ ಮೇಲೆ ಕೂಡುರಸ್ತೆಯ ಲೆಕ್ಕವನ್ನೂ ಮಾಡಿಸುತ್ತಿದ್ದೇವೆ. ಅಲ್ಲಿ ಕಾರು ಎಷ್ಟು ಮೀಟರಿನಲ್ಲಿ ನಿಲ್ಲುವುದೆಂದು ಕಂಡುಹಿಡಿದರೆ ಸಾಲದು. ನಿಲ್ಲುವ ಮುನ್ನ ದಾರಿಯಲ್ಲಿ ಯಾರು ಇರಬಹುದೆಂಬುದನ್ನೂ ವಿದ್ಯಾರ್ಥಿಯು ಯೋಚಿಸಬೇಕು.