ಜಾರಿದ ಜಟ್ಟಿಯ ಪರವಾಗಿ

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ನಗುತ್ತಲೇ ಹೇಳುತ್ತೇವೆ. ಬಿದ್ದವನು ಸೋಲನ್ನು ಒಪ್ಪಿಕೊಳ್ಳದೆ ಮೀಸೆ ತಿರುವಿದರೆ ನೋಡುವವರಿಗೆ ನಗು ಬರುವುದು ಸಹಜವೇ. ಆದರೆ ಆ ಜಟ್ಟಿ ಮುಂದೇನು ಮಾಡಿದ, ಮತ್ತೆ ಅಖಾಡಕ್ಕೆ ಇಳಿದನೇ, ಇಳಿದಾಗ ನೋಡಲು ನಾಲ್ಕು ಜನ ಬಂದಿದ್ದರೇ ಎಂಬುದನ್ನು ಗಾದೆ ಹೇಳುವುದಿಲ್ಲ. ಗಾದೆ ಬಿಟ್ಟುಹೋದ ಆ ಭಾಗವನ್ನು ಕುರಿತು ಎರಡು ಮಾತು ಬರೆಯಬೇಕೆಂದು ನನ್ನ ಆಸೆ. ಬರೆಯಲು ಕಾರಣ ಒಂದು ಕಾಲ್ಚೆಂಡಾಟದ ತಂಡ, ಒಂದು ಚಹದ ಅಂಗಡಿ ಮತ್ತು ನಾನು ನಪಾಸಾದ ಒಂದು ಪತ್ರಿಕೆ.

ನಮ್ಮ ಊರು ದೊಡ್ಡನೆಕ್ಕುಂದಿ. ಊರು ಎಂದರೆ ನನ್ನ ಸಹಪಾಠಿಗಳು ನಗುತ್ತಾರೆ. ಹೊರವರ್ತುಲ ರಸ್ತೆ, ಮೆಟ್ರೋ ಕಂಬಗಳು, ಗಾಜಿನ ಕಟ್ಟಡಗಳು, ಇವುಗಳ ನಡುವೆ ಊರೆಲ್ಲಿದೆ ಎಂಬುದು ಅವರ ಪ್ರಶ್ನೆ. ಕೆರೆಯಿದೆ, ಹಳೆಯ ಕೇರಿಗಳಿವೆ, ಯಾರ ಮನೆಯ ಮಗ ಯಾವ ಪರೀಕ್ಷೆಯಲ್ಲಿ ಕುಳಿತಿದ್ದಾನೆ ಎಂದು ಬಲ್ಲ ಹಿರಿಯರಿದ್ದಾರೆ. ಆದುದರಿಂದ ಊರು ಇನ್ನೂ ಇದೆ ಎಂದೇ ನನ್ನ ವಾದ. ತಲೆಯ ಮೇಲೆ ಎಚ್.ಎ.ಎಲ್. ವಿಮಾನಗಳು ಹಾರುವ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಮಾತಿನ ನಡುವೆ ಸದ್ದು ಬಂದರೆ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ, ಅದು ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತೇವೆ.

2025ರ ಆಷಾಢದಲ್ಲಿ ನಮ್ಮ ಬೀದಿಯ ಚಹದ ಅಂಗಡಿಯಲ್ಲಿ ಪ್ರತಿ ಭಾನುವಾರವೂ ಒಂದೇ ಚರ್ಚೆ. ವಿಷಯ ಎಸ್.ಸಿ. ಬೆಂಗಳೂರು ಎಂಬ ತಂಡ. ಕಾಲ್ಚೆಂಡಿನ ಗೊಡವೆಯಿಲ್ಲದ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ಈ ತಂಡ 2024ರಲ್ಲಿ ಐ-ಲೀಗ್ 2 ಎಂಬ ಕೆಳಶ್ರೇಣಿಯ ಪಂದ್ಯಾವಳಿಯನ್ನು ಗೆದ್ದು ಐ-ಲೀಗಿಗೆ ಬಡ್ತಿ ಪಡೆಯಿತು. ಅಲ್ಲಿ 12 ತಂಡಗಳ ನಡುವೆ ಒಂದು ವರ್ಷ ಆಡಿ, 2025ರಲ್ಲಿ ಕೊನೆಯ ಎರಡು ಸ್ಥಾನಗಳಲ್ಲಿ ಒಂದಕ್ಕೆ ಜಾರಿ, ದೆಹಲಿ ಎಫ್.ಸಿ. ಜೊತೆಯಲ್ಲಿ ಹಿಂಬಡ್ತಿ ಪಡೆಯಿತು. ಹತ್ತಲು ಹಿಡಿದ ಕಾಲ ಬಹಳ. ಇಳಿಯಲು ಒಂದೇ ವರ್ಷ. ಮುಂದಿನ ಹಂಗಾಮಿನಲ್ಲಿ ಮತ್ತೆ ಮೇಲೇರುವುದೇ, ಇಲ್ಲವೇ? ಇದೇ ಪ್ರಶ್ನೆ.

ಚರ್ಚೆಯಲ್ಲಿ ಮೂರು ಪಂಗಡಗಳಿದ್ದವು. ಮೊದಲನೆಯವರು ಲೆಕ್ಕಿಗರು. ಕೆಳಗಿಳಿದ ತಂಡದಿಂದ ಒಳ್ಳೆಯ ಆಟಗಾರರು ಮೊದಲು ಹೊರಡುತ್ತಾರೆ, ಉಳಿದವರನ್ನೂ ಹೊಸಬರನ್ನೂ ಹೊಂದಿಸುವಷ್ಟರಲ್ಲಿ ಅರ್ಧ ಪಂದ್ಯಾವಳಿ ಮುಗಿದಿರುತ್ತದೆ, ಮೇಲೇರುವ ಸ್ಥಾನಗಳು ಎರಡೇ, ಆಸೆಪಡುವವರು ಎಲ್ಲರೂ ಎಂಬುದು ಅವರ ಗಣಿತ. ಎರಡನೆಯವರು ಭಕ್ತರು. ಒಮ್ಮೆ ಹತ್ತಿದವನಿಗೆ ದಾರಿ ಗೊತ್ತಿರುತ್ತದೆ ಎಂಬುದು ಇವರ ಒಂದೇ ವಾಕ್ಯ. ಎಷ್ಟು ಕೆಣಕಿದರೂ ಎರಡನೆಯ ವಾಕ್ಯ ಹೊರಡುವುದಿಲ್ಲ. ಮೂರನೆಯವರು ಆಗಲೇ ಪಂದ್ಯ ನೋಡುವುದನ್ನು ಬಿಟ್ಟವರು. ಆದರೂ ಚಹಾ ಬಿಟ್ಟಿರಲಿಲ್ಲವಾದ್ದರಿಂದ ಅವರ ಅಭಿಪ್ರಾಯವನ್ನೂ ನಾವು ಕೇಳಬೇಕಾಗುತ್ತಿತ್ತು. "ಮೇಲೆ ಬಂದರೆ ಹೇಳಿ, ಆಗ ನೋಡೋಣ" ಎಂದು ಅವರು ಹೇಳುತ್ತಿದ್ದರು.

ಈ ಮೂವರ ನಡುವೆ ಸುಮ್ಮನೆ ಕುಳಿತಿರುತ್ತಿದ್ದವರು ಒಬ್ಬ ವೃದ್ಧರು. ನಾವು ಹುಡುಗರು ಅವರನ್ನು ಎಚ್.ಎ.ಎಲ್. ತಾತ ಎಂದು ಕರೆಯುತ್ತೇವೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರು ಮಾತನಾಡದೆ ಇದ್ದುದಕ್ಕೆ ಕಾರಣವಿತ್ತು. ಈ ಚರ್ಚೆಯನ್ನು ಅವರು 2012ರಲ್ಲಿಯೇ ಒಮ್ಮೆ ಮಾಡಿ ಮುಗಿಸಿದ್ದರು.

ಎಚ್.ಎ.ಎಲ್. ತಂಡ 2010ರಲ್ಲಿ ಎರಡನೆಯ ಶ್ರೇಣಿಯಿಂದ ಐ-ಲೀಗಿಗೆ ಏರಿತ್ತು. ಆಗ ಅದೇ ದೇಶದ ಅತ್ಯುನ್ನತ ಪಂದ್ಯಾವಳಿ. ಕಾರ್ಖಾನೆಯ ಹೆಸರು ಹೊತ್ತ ತಂಡ, ಕೋಲ್ಕತ್ತ ಮತ್ತು ಗೋವೆಯ ಹಣವಂತ ತಂಡಗಳೆದುರು ನಿಂತಿತು. 2012ರಲ್ಲಿ ಡೆಂಪೊ ತಂಡ ಪಟ್ಟಿಯ ತುದಿಯಲ್ಲಿ ಚಾಂಪಿಯನ್ ಆದಾಗ, ನಮ್ಮ ತಂಡ ಪಟ್ಟಿಯ ತಳದಲ್ಲಿದ್ದು ಕೆಳಗಿಳಿಯಿತು. ನನಗೆ ಆಗ ಆರೇಳು ವರ್ಷ. ತಾತ ನಮ್ಮ ತಂದೆಯನ್ನೂ ನನ್ನನ್ನೂ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಒಮ್ಮೆ ಕರೆದುಕೊಂಡು ಹೋಗಿದ್ದರು. ಸುಡುವ ಮೆಟ್ಟಿಲು, ಪೊಟ್ಟಣದಲ್ಲಿ ಕಡಲೆಕಾಯಿ, ನಮ್ಮವರು ಗೋಲು ಬಿಟ್ಟುಕೊಟ್ಟಾಗ ತಾತ ಯಾರನ್ನೂ ಬೈಯದೆ ಚಪ್ಪಾಳೆ ತಟ್ಟಿದ್ದು, ಇಷ್ಟು ನನ್ನ ನೆನಪಿನಲ್ಲಿದೆ. "ಸೋತವರಿಗೆ ಯಾಕೆ ತಾತ ಚಪ್ಪಾಳೆ?" ಎಂದು ಕೇಳಿದೆನಂತೆ. "ನಾಳೆ ಬೆಳಗ್ಗೆ ಅವರನ್ನ ಗೇಟಿನ ಹತ್ರ ನೋಡ್ಬೇಕಲ್ಲಪ್ಪಾ" ಎಂದರಂತೆ. ಎಚ್.ಎ.ಎಲ್. ಮತ್ತೆ ಆ ಮೇಲಿನ ಶ್ರೇಣಿಗೆ ಹಿಂತಿರುಗಲಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಅಂಗಡಿಯ ಮೂರು ಪಂಗಡಗಳವರೂ ಆಟಗಾರರನ್ನು ತೂಗಿದರು, ತರಬೇತುದಾರರನ್ನು ತೂಗಿದರು, ಎದುರಾಳಿಗಳನ್ನು ತೂಗಿದರು. ಎರಡು ತೂಕದ ಕಲ್ಲುಗಳನ್ನು ಮಾತ್ರ ಯಾರೂ ತಕ್ಕಡಿಗೆ ಹಾಕಲಿಲ್ಲ. ಒಂದು, ಹತ್ತುವ ಏಣಿ ನೆಟ್ಟಗಿದೆಯೇ ಎಂಬುದು. ಇನ್ನೊಂದು, ಏಣಿಯ ಬುಡದಲ್ಲಿ ನಾವಿದ್ದೇವೆಯೇ ಎಂಬುದು.

ಮೊದಲು ಏಣಿಯ ಮಾತು. ಎಚ್.ಎ.ಎಲ್. ಕೆಳಗಿಳಿದ ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್.ಸಿ. ಹುಟ್ಟಿತು. ಒಂದು ದೊಡ್ಡ ಉದ್ಯಮ ಸಂಸ್ಥೆ ಟೆಂಡರಿನಲ್ಲಿ ಗೆದ್ದು ತಂಡವನ್ನು ನೇರವಾಗಿ ಮೇಲಿನ ಶ್ರೇಣಿಗೆ ತಂದಿತು. ಆ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಹೋದ ಮೊದಲ ಭಾರತೀಯ ತಂಡವೂ ಅದೇ. ಆ ಸಂತೋಷದಲ್ಲಿ ನಾನೂ ಕುಣಿದವನು, ಅದನ್ನು ಅಲ್ಲಗಳೆಯಲಾರೆ. ಅದೇ 2013ರಲ್ಲಿ ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ಎಂಬ ಎರಡು ನೌಕರರ ತಂಡಗಳು ಪರವಾನಗಿಯ ನಿಯಮಗಳನ್ನು ಪೂರೈಸಲಾಗದೆ ಐ-ಲೀಗಿನಿಂದ ಹೊರಬಿದ್ದವು. ಒಂದು ಬಾಗಿಲು ಹೊಸಬರಿಗೆ ತೆರೆದ ವರ್ಷವೇ ಇನ್ನೊಂದು ಬಾಗಿಲು ಹಳಬರಿಗೆ ಮುಚ್ಚಿತು. 2014ರಲ್ಲಿ ಪ್ರಾರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಂತೂ ಕೆಳಗಿಳಿಯುವ ಭಯವೇ ಇರಲಿಲ್ಲ. ಕೆಳಗಿನಿಂದ ಗೆದ್ದು ಬಂದ ತಂಡಕ್ಕೆ ಆ ಬಾಗಿಲು ಮೊದಲು ತೆರೆದದ್ದು 2023ರಲ್ಲಿ, ಪಂಜಾಬ್ ತಂಡಕ್ಕೆ.

ಏಣಿ ಅಲುಗಾಡಿದರೆ ಏನಾಗುವುದೆಂಬುದಕ್ಕೆ ಡೆಂಪೊ ತಂಡದ ಕಥೆಯೇ ಸಾಕ್ಷಿ. ರಾಷ್ಟ್ರೀಯ ಪಟ್ಟವನ್ನು ಐದು ಬಾರಿ ಗೆದ್ದ ತಂಡ ಅದು. 2015ರಲ್ಲಿ ಕೆಳಗಿಳಿಯಿತು. ಮರುವರ್ಷವೇ ಎರಡನೆಯ ಶ್ರೇಣಿಯನ್ನು ಗೆದ್ದು ಏರುವ ಹಕ್ಕನ್ನು ಸಂಪಾದಿಸಿತು. ಆದರೆ ಐ-ಲೀಗಿನ ಭವಿಷ್ಯವೇ ಅನಿಶ್ಚಿತವಾಗಿದ್ದ ಕಾಲ; ಗೋವೆಯ ಇತರ ತಂಡಗಳಂತೆ ತಾನೂ ಹಿಂದೆ ಸರಿಯಿತು. ಮತ್ತೆ ಐ-ಲೀಗಿಗೆ ಬಂದದ್ದು 2024ರಲ್ಲಿ, ನಮ್ಮ ಎಸ್.ಸಿ. ಬೆಂಗಳೂರಿನ ಜೊತೆಯಲ್ಲಿಯೇ. ಆಟಗಾರರ ಕಾಲಿನಲ್ಲಿ ಬಲವಿದ್ದರೆ ಸಾಲದು, ಕಾಲಿಡುವ ಮೆಟ್ಟಿಲು ಅಲ್ಲಿರಬೇಕು. ಪರದೇಶದಲ್ಲಿ ನೋಡಿ: ಇಂಗ್ಲೆಂಡಿನ ಲೆಸ್ಟರ್ ನಗರದ ತಂಡ 2008ರಲ್ಲಿ ಮೂರನೆಯ ಶ್ರೇಣಿಗೆ ಬಿದ್ದು, ಮೆಟ್ಟಿಲು ಮೆಟ್ಟಿಲಾಗಿ ಏರಿ, 2016ರಲ್ಲಿ ದೇಶದ ಚಾಂಪಿಯನ್ ಆಯಿತು, 2023ರಲ್ಲಿ ಬಿದ್ದು, 2024ರಲ್ಲಿ ಎದ್ದು, 2025ರಲ್ಲಿ ಮತ್ತೆ ಬಿದ್ದಿತು. ಅಲ್ಲಿ ಬೀಳುವುದೂ ಏಳುವುದೂ ಮೈದಾನದಲ್ಲಿಯೇ. ನಮ್ಮಲ್ಲಿ 2025ರ ಏಪ್ರಿಲಿನಲ್ಲಿ ಮುಗಿದ ಐ-ಲೀಗಿನ ವಿಜೇತರು ಯಾರೆಂಬುದು ಜುಲೈ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ಅದೇ ಜುಲೈನಲ್ಲಿ, ಒಕ್ಕೂಟದ ಒಪ್ಪಂದದ ಗೊಂದಲದಿಂದ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದಿರುವುದಾಗಿ ಸುದ್ದಿ ಬಂದಿತು. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್.ಸಿ. ತನ್ನ ಆಟಗಾರರ ವೇತನವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆ ಭಾನುವಾರ ನಮ್ಮ ಅಂಗಡಿಯಲ್ಲಿ ಲೆಕ್ಕಿಗರೂ ಭಕ್ತರೂ ಒಟ್ಟಿಗೆ ಮೌನವಾದರು. ಮೇಲಿನ ಮಹಡಿಯಲ್ಲಿ ದೀಪ ಆರಿದಾಗ, ಕೆಳಗಿನವನು ಮಹಡಿ ಹತ್ತುವ ಲೆಕ್ಕ ಹಾಕುವುದು ಹೇಗೆ? ತಂಡ ಏರುವುದೇ ಎಂದು ಕೇಳುತ್ತಿದ್ದವರು ಹಂಗಾಮು ಬರುವುದೇ ಎಂದು ಕೇಳತೊಡಗಿದರು.

ಇನ್ನು ಎರಡನೆಯ ತೂಕದ ಕಲ್ಲು. ಇಲ್ಲಿ ನನ್ನ ಸ್ವಂತ ವಿಷಯವನ್ನು ಹೇಳುವುದಕ್ಕೆ ವಾಚಕರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಒಂದು ಕಚೇರಿಯ ಆವರಣದಲ್ಲಿ ತೋಟದ ಕೆಲಸ ಮಾಡುತ್ತಾರೆ. ತಾಯಿಯವರು ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಎರಡನೆಯ ವರ್ಷ ನಾನು ಅರ್ಥಶಾಸ್ತ್ರದ ಒಂದು ಪತ್ರಿಕೆಯಲ್ಲಿ ನಪಾಸಾದೆ. ಪ್ರಥಮ ವರ್ಷದಲ್ಲಿ ಒಳ್ಳೆಯ ಅಂಕ ಬಂದಾಗ ಬೀದಿಗೆಲ್ಲ ಗೊತ್ತಾಗಿತ್ತು. ನಪಾಸಾದಾಗಲೂ ಅಷ್ಟೇ ಬೇಗ ಗೊತ್ತಾಯಿತು. ಎರಡು ವಾರ ಚಹದ ಅಂಗಡಿಯ ಕಡೆಗೆ ತಲೆ ಹಾಕಲಿಲ್ಲ. ಓದು ಬಿಟ್ಟು, ಮನೆಮನೆಗೆ ಸಾಮಾನು ತಲುಪಿಸುವ ಕೆಲಸಕ್ಕೆ ಸೇರುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ.

ಒಂದು ಸಂಜೆ ತಾತ ತಾವೇ ಮನೆಗೆ ಬಂದರು. ಬುದ್ಧಿವಾದ ಹೇಳುವರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಅದನ್ನು ಹೇಳಲಿಲ್ಲ. "ಪತ್ರಿಕೆ ಮತ್ತೆ ಯಾವಾಗಪ್ಪಾ?" ಎಂದು ಕೇಳಿದರು. ತಿಂಗಳು ಹೇಳಿದೆ. "ಸರಿ. ಅವತ್ತು ಬಸ್ ಸ್ಟ್ಯಾಂಡಿನ ತನಕ ನಾನೂ ಬರ್ತೀನಿ" ಎಂದು ಹೇಳಿ, ಅಮ್ಮ ಕೊಟ್ಟ ಕಾಫಿ ಕುಡಿದು ಹೊರಟರು. ಹೇಳಿದಂತೆಯೇ ಆ ಬೆಳಗ್ಗೆ ಬಂದು, ಬಸ್ಸು ಹೊರಡುವ ತನಕ ನಿಂತಿದ್ದರು. ನಾನು ಆ ಪತ್ರಿಕೆಯಲ್ಲಿ ತೇರ್ಗಡೆಯಾದೆ. ಆಗದೆ ಇದ್ದಿದ್ದರೂ ಅವರು ಮುಂದಿನ ಬಾರಿ ಬಸ್ ನಿಲ್ದಾಣಕ್ಕೆ ಬರುತ್ತಿದ್ದರೆಂಬುದು ನನಗೆ ಖಂಡಿತ.

ಅಂದು ನನಗೆ ಎರಡು ಸಂಗತಿಗಳು ಹೊಳೆದವು. ಮರುಪರೀಕ್ಷೆ ಎಂಬ ನಿಯಮವೊಂದು ಇರದಿದ್ದರೆ ತಾತನ ಪ್ರೀತಿಯಿಂದ ನನಗೆ ಪದವಿ ಸಿಗುತ್ತಿರಲಿಲ್ಲ. ತಾತ ಬರದೆ ಇದ್ದಿದ್ದರೆ ಆ ನಿಯಮವಿದ್ದೂ ನಾನು ಪರೀಕ್ಷೆಗೆ ಹೋಗುತ್ತಿರಲಿಲ್ಲ. ಏಣಿಯೂ ಬೇಕು, ಏಣಿಯ ಬುಡದಲ್ಲಿ ಒಬ್ಬನೂ ಬೇಕು. "ಮೇಲೆ ಬಂದರೆ ಹೇಳಿ, ಆಗ ನೋಡೋಣ" ಎನ್ನುವವರು ಲೆಕ್ಕದಲ್ಲಿ ತಪ್ಪಿಲ್ಲದೆ ಇರಬಹುದು. ಆದರೆ ಅವರೇ ಆ ಲೆಕ್ಕದ ಒಂದು ಅಂಕಿ ಎಂಬುದನ್ನು ಅವರು ಮರೆತಿದ್ದಾರೆ. ಖಾಲಿ ಮೆಟ್ಟಿಲುಗಳ ಮುಂದೆ ಆಡುವ ತಂಡಕ್ಕೆ ಹಣ ಹಾಕುವವರು ಬರುವುದಿಲ್ಲ. ಹಣವಿಲ್ಲದ ತಂಡದಲ್ಲಿ ಒಳ್ಳೆಯ ಆಟಗಾರ ನಿಲ್ಲುವುದಿಲ್ಲ. ಆಟಗಾರ ನಿಲ್ಲದ ತಂಡ ಮೇಲೇರುವುದಿಲ್ಲ. ಆಗ "ನಾನು ಮೊದಲೇ ಹೇಳಲಿಲ್ಲವೇ" ಎಂದು ಅವರೇ ಅಂಗಡಿಯಲ್ಲಿ ಹೇಳುತ್ತಾರೆ.

ನಮ್ಮ ನಗರ ಇಷ್ಟು ಬೇಗ ಬೇಸರಪಡುವ ನಗರವಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದ ಊರಿದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಗೋಲನ್ನು ಹೊಡೆದ ರಾಮನ್ ನಮ್ಮ ದಂಡು ಪ್ರದೇಶದವರೇ. ಹಲಸೂರಿನ ಆಚೆಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವಾಗಿ 1968-69ರಲ್ಲಿ ಗೆದ್ದ ಮೇಲೆ, ಕರ್ನಾಟಕವಾಗಿ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದೆವು. ಆ ಐವತ್ತನಾಲ್ಕು ವರ್ಷಗಳಲ್ಲಿ ಪ್ರತಿ ವರ್ಷವೂ ಯಾರೋ ಹುಡುಗರು ಆಯ್ಕೆಗೆ ಬಂದರು, ಯಾರೋ ಮೆಟ್ಟಿಲ ಮೇಲೆ ಕುಳಿತು ನೋಡಿದರು. ಆ ಹೆಸರಿಲ್ಲದವರಿಲ್ಲದೆ ರಿಯಾದಿನ ಸಂಜೆ ಬರುತ್ತಿತ್ತೇ?

ಹಾಗಾದರೆ ಎಸ್.ಸಿ. ಬೆಂಗಳೂರು ಮೊದಲ ಯತ್ನದಲ್ಲಿಯೇ ಮೇಲೇರುವುದೇ? ನನ್ನನ್ನು ಕೇಳಿದರೆ ಕಷ್ಟ. ಲೆಕ್ಕಿಗರ ಗಣಿತದಲ್ಲಿ ಹುರುಳಿದೆ. ಎರಡು ಮೂರು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಈ ಸಂಚಿಕೆ ತಮ್ಮ ಕೈ ಸೇರುವ ವೇಳೆಗೆ ಯಾರ ಮಾತು ನಿಜವಾಯಿತೆಂದು ತಮಗೆ ತಿಳಿದಿರಲೂಬಹುದು. ಫಲ ಯಾವುದಾದರೂ ನನ್ನ ವಾದ ಬದಲಾಗದು. ಏಣಿಯನ್ನು ನೆಟ್ಟಗೆ ಇಡುವುದು ಒಕ್ಕೂಟದ ಕರ್ತವ್ಯ. ಅದನ್ನು ಕೇಳುವುದು ನಮ್ಮ ಹಕ್ಕು. ಬುಡದಲ್ಲಿ ನಿಲ್ಲುವುದಾದರೋ ಯಾರ ಅಪ್ಪಣೆಗೂ ಕಾಯಬೇಕಾದ ಕೆಲಸವಲ್ಲ.

ಆದುದರಿಂದ ಸಹಪಾಠಿ ಮಿತ್ರರಲ್ಲಿಯೂ ಗುರುಗಳಲ್ಲಿಯೂ ನನ್ನದೊಂದು ವಿನಂತಿ. ಕೆಳಶ್ರೇಣಿಯ ಪಂದ್ಯ ಅಶೋಕನಗರದಲ್ಲಿ ನಡೆಯುವ ಒಂದು ದಿನ ನಾವು ಹತ್ತು ಜನ ಕೂಡಿ ಹೋಗೋಣ. ತಾತನಿಗೆ ಈಗ ಮಂಡಿ ನೋವು. ಬಸ್ಸು ಹತ್ತುವುದು ಕಷ್ಟ. ಈ ಸಾರಿ ಅವರನ್ನು ನಿಲ್ದಾಣದಿಂದ ಕೈಹಿಡಿದು ಕರೆದೊಯ್ಯುವುದಾಗಿ ನಾನು ಮಾತು ಕೊಟ್ಟಿದ್ದೇನೆ. ಕಡಲೆಕಾಯಿಯ ಖರ್ಚು ನನ್ನದು.