ಬೀಗದೊಳಗಿನ ಲ್ಯಾಬು, ಗೇಟಿನಾಚೆಯ ಸೈಬರ್

ನಮ್ಮ ಬಹುತೇಕ ವಿಶ್ವವಿದ್ಯಾಲಯಗಳ ಮುಖ್ಯದ್ವಾರದ ಎದುರು ಚಹಾದಂಗಡಿ, ಮೆಸ್ಸುಗಳ ಸಾಲಿನಲ್ಲೇ ‘ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ’ ಎಂಬ ಫಲಕದ ಅಂಗಡಿಯೊಂದು ಇದ್ದೇ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅರ್ಜಿ ತುಂಬಲು ಇಷ್ಟು, ದಾಖಲೆ ಸ್ಕ್ಯಾನ್ ಮಾಡಲು ಇಷ್ಟು, ಪ್ರಿಂಟಿಗೆ ಪುಟಕ್ಕೆ ಇಷ್ಟು ಎಂದು ಕೊಟ್ಟು ಬರುವವರಲ್ಲಿ ಹೆಚ್ಚಿನವರು ಒಳಗಿನ ಹಾಸ್ಟೆಲ್‌ನವರೇ. ವಿಶ್ವವಿದ್ಯಾಲಯದೊಳಗೆ ಕಂಪ್ಯೂಟರ್‌ಗಳಿಲ್ಲವೆಂದು ಅವರು ಹೊರಗೆ ಬರುವುದಲ್ಲ. ಇವೆ, ಆದರೆ ಬೀಗದೊಳಗಿವೆ.

ಕಳೆದ ಒಂದು ದಶಕದಲ್ಲಿ ಸರ್ಕಾರ ವಿದ್ಯಾರ್ಥಿಯ ಪ್ರತಿಯೊಂದು ಕೆಲಸವನ್ನೂ ಜಾಲತಾಣಕ್ಕೆ ಏರಿಸಿದೆ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶಗಳಿಗೆ 2021–22ರಿಂದ ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆ ಬಂತು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಅದಕ್ಕೆ ಆಧಾರ್ ಒಟಿಪಿ, ದಾಖಲೆಗಳಿಗೆ ಇ-ದೃಢೀಕರಣ. ಅಧ್ಯಾಪಕರಾಗಲು ಬೇಕಾದ ಯುಜಿಸಿ-ನೆಟ್ ಪರೀಕ್ಷೆ 2018ರ ಡಿಸೆಂಬರಿನಲ್ಲಿ ಕಂಪ್ಯೂಟರ್ ಪರದೆಗೆ ಹೋಯಿತು. 2024ರ ಜೂನ್‌ನಲ್ಲಿ ಒಮ್ಮೆ ಕಾಗದಕ್ಕೆ ಮರಳಿ, ಆ ಪರೀಕ್ಷೆ ರದ್ದಾಗಿ, ಮತ್ತೆ ಪರದೆಗೇ ಬಂತು. ಕೌಂಟರಿನ ಸರದಿ ತಪ್ಪಿತೆಂದು ನಾವೆಲ್ಲ ಮೆಚ್ಚಿಕೊಂಡೆವು. ಆ ಸರದಿ ಸೈಬರ್ ಅಂಗಡಿಯ ಮುಂದಕ್ಕೆ ಸ್ಥಳಾಂತರವಾಯಿತು, ಅದರ ಖರ್ಚು ವಿದ್ಯಾರ್ಥಿಯ ಕಿಸೆಗೆ ಬಿತ್ತು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಅಂತರ್ಜಾಲದ ದೊಡ್ಡ ಕೊಳವೆ ಇಲ್ಲವೆಂಬ ಕೊರತೆಯೇನಲ್ಲ ಇದು. ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸಂಪುಟ 2010ರಲ್ಲೇ ₹5,990 ಕೋಟಿಗೆ ಒಪ್ಪಿಗೆ ಕೊಟ್ಟಿತ್ತು. ವಿಶ್ವವಿದ್ಯಾಲಯಗಳಿಗೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕ ಕೊಡುವ ಕೆಲಸ ಅದಕ್ಕೂ ಮುನ್ನ ಆರಂಭವಾಗಿತ್ತು. ಆದರೆ ಆ ಸಂಪರ್ಕ ಆವರಣದ ಸರ್ವರ್ ಕೋಣೆಯವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ವಿಭಾಗಗಳಿಗೆ, ಹಾಸ್ಟೆಲ್‌ಗಳಿಗೆ ಒಯ್ಯುವುದು ಆಯಾ ವಿಶ್ವವಿದ್ಯಾಲಯದ ಹೊಣೆ. ಕೇಬಲ್ ಎಳೆಯಬೇಕು, ಸುಟ್ಟುಹೋದ ಸ್ವಿಚ್ ಬದಲಿಸಬೇಕು, ನೂರಾರು ಜನ ಒಮ್ಮೆಲೇ ಬಳಸಿದರೂ ಕುಸಿಯದಷ್ಟು ವೈ-ಫೈ ಪೆಟ್ಟಿಗೆಗಳನ್ನು ಕೂರಿಸಬೇಕು. ಇದಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ. ಹಾಗಾಗಿ ಇದು ಯಾರ ಆದ್ಯತೆಯೂ ಅಲ್ಲ.

ಇನ್ನು ಬೀಗದ ಮಾತು. ಲ್ಯಾಬು ತೆರೆದಿರುವುದು ಕಚೇರಿಯ ವೇಳೆಯಲ್ಲಿ, ಅಂದರೆ ವಿದ್ಯಾರ್ಥಿ ತರಗತಿಯಲ್ಲಿರುವ ಹೊತ್ತಿನಲ್ಲಿ. ಅವನಿಗೆ ಬಿಡುವಾಗುವ ಸಂಜೆ ಐದರ ನಂತರ, ಭಾನುವಾರ, ಪರೀಕ್ಷೆಗೆ ಮೊದಲಿನ ರಜೆಯಲ್ಲಿ ಅದು ಮುಚ್ಚಿರುತ್ತದೆ. ಇದರ ಹಿಂದೆ ಯಾರದೋ ಕೆಟ್ಟ ಬುದ್ಧಿ ಇದೆ ಎಂದು ನನಗನಿಸುವುದಿಲ್ಲ, ಇರುವುದು ಸ್ಟಾಕ್ ರಿಜಿಸ್ಟರಿನ ಭಯ. ಲ್ಯಾಬಿನ ಉಸ್ತುವಾರಿ ಹೊತ್ತ ಅಧ್ಯಾಪಕರ ಹೆಸರಿನಲ್ಲಿ ಪ್ರತಿಯೊಂದು ಮೌಸ್, ಕೀಬೋರ್ಡು, ಯುಪಿಎಸ್ ಬ್ಯಾಟರಿ ದಾಖಲಾಗಿರುತ್ತದೆ. ಒಂದು ಕಾಣೆಯಾದರೂ ಆಡಿಟ್ ಆಕ್ಷೇಪಣೆ ಬರುತ್ತದೆ, ವರ್ಗವಾಗುವಾಗ ಅಥವಾ ನಿವೃತ್ತರಾಗುವಾಗ ‘ನೋ ಡ್ಯೂ’ ಪತ್ರಕ್ಕೆ ಅಲೆಯಬೇಕಾಗುತ್ತದೆ. ಯಾರೂ ಮುಟ್ಟದೆ ಧೂಳು ತಿಂದು ಹಾಳಾದ ಯಂತ್ರಕ್ಕೆ ಮಾತ್ರ ಯಾವ ಆಡಿಟರೂ ಕಾರಣ ಕೇಳುವುದಿಲ್ಲ. ಹೀಗಿರುವಾಗ ಬುದ್ಧಿವಂತರು ಬೀಗ ಹಾಕದೆ ಇನ್ನೇನು ಮಾಡಿಯಾರು?

ಮೌಲ್ಯಮಾಪನದ ಕ್ರಮವೂ ಇದಕ್ಕೆ ಇಂಬು ಕೊಟ್ಟಿದೆ. ನ್ಯಾಕ್ ಸಮಿತಿಗೆ ಸಲ್ಲಿಸುವ ಸ್ವಯಂ ಅಧ್ಯಯನ ವರದಿಯ ಮೂಲಸೌಕರ್ಯ ಭಾಗದಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಒಂದು ಕಂಪ್ಯೂಟರ್ ಎಂಬ ಅನುಪಾತ ಬರೆಯಬೇಕು, ಅಂತರ್ಜಾಲದ ವೇಗ ಎಷ್ಟೆಂದು ಹೇಳಬೇಕು. ಖರೀದಿ ಬಿಲ್ಲು, ಸೇವಾ ಕಂಪನಿಯ ರಸೀದಿ ಲಗತ್ತಿಸಿದರೆ ಅಂಕ ಬೀಳುತ್ತದೆ. ಆ ಕಂಪ್ಯೂಟರ್ ದಿನಕ್ಕೆ ಎಷ್ಟು ಗಂಟೆ ಚಾಲೂ ಇತ್ತು, ಕನ್ನಡ ಎಂ.ಎ ವಿದ್ಯಾರ್ಥಿನಿ ವರ್ಷದಲ್ಲಿ ಎಷ್ಟು ಸಲ ಅದರ ಮುಂದೆ ಕುಳಿತಳು ಎಂಬುದು ಆ ಅನುಪಾತದಲ್ಲಿ ಕಾಣುವುದಿಲ್ಲ. ಕಂಪ್ಯೂಟರ್ ವಿಜ್ಞಾನ ವಿಭಾಗದ ಅರವತ್ತು ಯಂತ್ರಗಳು ಇಡೀ ಆವರಣದ ಸರಾಸರಿಯನ್ನು ಎತ್ತಿ ಹಿಡಿಯುತ್ತವೆ. ಪಕ್ಕದ ಕಟ್ಟಡದ ಇತಿಹಾಸ, ಸಮಾಜಶಾಸ್ತ್ರ, ಜಾನಪದ ವಿಭಾಗದವರಿಗೆ ಆ ಕೋಣೆಯೊಳಗೆ ಪ್ರವೇಶವೇ ಇರುವುದಿಲ್ಲ.

‘ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆಯಲ್ಲ, ಲ್ಯಾಬು ಯಾಕೆ?’ ಎಂದು ಈಗ ಕುಲಪತಿಗಳೂ ಕೇಳುವುದುಂಟು. ಫೋನಿನಲ್ಲಿ ಫಲಿತಾಂಶ ನೋಡಬಹುದು, ಶುಲ್ಕ ಕಟ್ಟಬಹುದು. ಇನ್ನೂರು ಪುಟದ ಪ್ರಬಂಧವನ್ನು ಅಡಿಟಿಪ್ಪಣಿ ಸಮೇತ ಅದರಲ್ಲಿ ಬರೆಯಲಾಗದು. ಎರಡು ಅಂಕಣದ ಸಂಶೋಧನಾ ಲೇಖನವನ್ನು ಆರಿಂಚಿನ ಪರದೆಯಲ್ಲಿ ಓದಿ ಟಿಪ್ಪಣಿ ಮಾಡಿಕೊಳ್ಳಲಾಗದು, ಸಮೀಕ್ಷೆಯ ಅಂಕಿಅಂಶಗಳನ್ನು ಕೋಷ್ಟಕಕ್ಕೆ ಇಳಿಸಲಾಗದು. ಕಂಪ್ಯೂಟರ್ ಪರದೆಯ ಮುಂದೆ ಮೂರು ಗಂಟೆ ಕೂತು ನೆಟ್ ಬರೆಯಬೇಕಾದವರು ಮೌಸ್ ಹಿಡಿಯುವುದನ್ನು ಪರೀಕ್ಷಾ ಕೇಂದ್ರದಲ್ಲೇ ಕಲಿಯಬೇಕೆ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಲೆಕ್ಕದಂತೆ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಷ್ಟು ಮನೆಗಳಲ್ಲಿ, ನಗರಗಳಲ್ಲಿ ಶೇ 23.4. ಕೋವಿಡ್ ನಂತರ ಈ ಅಂಕಿ ಏರಿರಬಹುದು. ಆದರೆ ರಾಜ್ಯ ವಿಶ್ವವಿದ್ಯಾಲಯಗಳ ಹಾಸ್ಟೆಲ್ ತುಂಬುವುದು ಯಾವ ಮನೆಗಳಿಂದ ಎಂಬುದು ಎಲ್ಲರಿಗೂ ಗೊತ್ತಿದೆ. ಡೇಟಾ ಕೂಡ ಮೊದಲಿನಷ್ಟು ಅಗ್ಗವಲ್ಲ. 2024ರ ಜುಲೈನಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ದರ ಏರಿಸಿದಾಗ ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೊದ 28 ದಿನಗಳ ರೀಚಾರ್ಜ್ ₹239ರಿಂದ ₹299ಕ್ಕೆ ಹೋಯಿತು.

ಇದರ ನಡುವೆಯೇ ಕೇಂದ್ರ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು. ಮೂರು ವರ್ಷಗಳಿಗೆ ₹6,000 ಕೋಟಿ ಕೊಟ್ಟು, 30 ಪ್ರಕಾಶಕರ ಸುಮಾರು 13 ಸಾವಿರ ನಿಯತಕಾಲಿಕಗಳನ್ನು ಆರು ಸಾವಿರಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆಯುವ ಯೋಜನೆಯಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಲು ಸಿಗುವ ಎಷ್ಟೋ ಲೇಖನಗಳು ಶಂಕರಘಟ್ಟ, ಕೊಣಾಜೆಯ ವಿಶ್ವವಿದ್ಯಾಲಯಗಳಲ್ಲೂ ಸಿಗುವಂತಾಗಿದೆ. ಅವನ್ನು ತೆರೆದು ಓದಲು ಒಂದು ಪರದೆ, ನಿಧಾನವಾಗಿ ಕೂರಲು ಒಂದು ಕುರ್ಚಿ ಬೇಕಲ್ಲ? ಗ್ರಂಥಾಲಯದಿಂದ ತಮಗೊಂದು ಲಾಗಿನ್ ಸಿಗುತ್ತದೆಂಬುದೇ ಗೊತ್ತಿಲ್ಲದ ಸಂಶೋಧನಾರ್ಥಿಗಳಿದ್ದಾರೆ.

ಮಹಿಳಾ ಹಾಸ್ಟೆಲ್‌ಗಳ ಸ್ಥಿತಿ ಇನ್ನೂ ಬಿಗಿ. ಕತ್ತಲಾಗುವ ಮೊದಲು ಒಳಗಿರಬೇಕೆಂಬ ನಿಯಮವಿದ್ದಲ್ಲಿ ಸಂಜೆ ತೆರೆದಿರುವ ಲ್ಯಾಬಾಗಲಿ ಗೇಟಿನಾಚೆಯ ಸೈಬರ್ ಆಗಲಿ ಅವರಿಗೆ ಲೆಕ್ಕಕ್ಕಿಲ್ಲ. ಒಳಗೆ ವೈ-ಫೈ ಕೇಳಿದರೆ ‘ರೀಲ್ಸ್ ನೋಡೋಕಾ?’ ಎಂಬ ಪ್ರಶ್ನೆ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸುವಂತಿಲ್ಲ ಎಂಬ ನಿಯಮವನ್ನು ವಿರೋಧಿಸಿದ ವಿದ್ಯಾರ್ಥಿನಿಯನ್ನು ಹೊರಹಾಕಲಾಗಿತ್ತು. 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹೈಕೋರ್ಟ್, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆ ತೀರ್ಪು ನಮ್ಮ ವಾರ್ಡನ್‌ಗಳ ಕಿವಿಗೆ ಬಿದ್ದಂತಿಲ್ಲ.

ಹಣದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ವಿದ್ಯುತ್ ಬಿಲ್ಲಿಗೇ ಪರದಾಡಿದ ಸುದ್ದಿ ಓದಿದ್ದೇವೆ. ಕೆರಿಮತ್ತಿಹಳ್ಳಿ, ಜಮಖಂಡಿ, ಚಿಕ್ಕಅಳುವಾರದ ಸ್ನಾತಕೋತ್ತರ ಕೇಂದ್ರಗಳ ಫಲಕ ಬದಲಿಸಿ ಹಾವೇರಿ, ಬಾಗಲಕೋಟೆ, ಕೊಡಗು ವಿಶ್ವವಿದ್ಯಾಲಯಗಳೆಂದು ಕರೆದದ್ದಾಯಿತು. ಎರಡೇ ವರ್ಷಗಳಲ್ಲಿ, 2025ರ ಆರಂಭದಲ್ಲಿ, ಇಂಥ ಒಂಬತ್ತನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದ ಬಂತು. ಆದರೆ ಇರುವ ಹಣ ಹೋಗುವ ದಾರಿಯನ್ನೂ ನೋಡಬೇಕು. ಒಂದೇ ಸಲದ ಅನುದಾನದಲ್ಲಿ ಯಂತ್ರ ಕೊಳ್ಳುತ್ತಾರೆ, ನಿರ್ವಹಣೆಗೆ ಕಾಸಿರುವುದಿಲ್ಲ. ಬ್ಯಾಟರಿ ಕೈಕೊಟ್ಟ ದಿನ ಇಡೀ ಕೋಣೆ ಸತ್ತಂತೆ.

ಖರ್ಚಿಗೆ ಈಗ ಇನ್ನೊಂದು ನೆಪವೂ ಸಿಕ್ಕಿದೆ. 2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲಿಸಿತು. ಸುಮಾರು 2018ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 11ಕ್ಕೆ ಅರ್ಹವಲ್ಲ. ಇವನ್ನೆಲ್ಲ ಗುಜರಿಗೆ ಹಾಕಿ ಹೊಸ ಟೆಂಡರ್ ಕರೆಯುವ ಉತ್ಸಾಹ ಈಗ ಹುಟ್ಟುವುದು ಖಚಿತ. ಬೇಕಿಲ್ಲ. ಓದು, ಬರಹ, ಬ್ರೌಸಿಂಗ್‌ಗೆ ಲಿನಕ್ಸ್ ಧಾರಾಳ ಸಾಕು. ಕೇರಳದ ಸರ್ಕಾರಿ ಶಾಲಾ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಕನ್ನಡಕ್ಕೂ ಇದು ಅನುಕೂಲ. ಅದರಲ್ಲಿ ಯೂನಿಕೋಡ್ ಕನ್ನಡವೇ ಸಹಜ ರೂಢಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿ ಶೋಧಗಂಗಾ ಜಾಲಭಂಡಾರಕ್ಕೆ ಏರಿಸಿದ ನಮ್ಮ ಎಷ್ಟೋ ಪಿಎಚ್.ಡಿ ಪ್ರಬಂಧಗಳ ಒಳಗೆ ಇವತ್ತಿಗೂ ಒಂದು ಕನ್ನಡ ಪದ ಹುಡುಕಲು ಬರುವುದಿಲ್ಲ.

ವಿಭಾಗಗಳಲ್ಲಿ ಹಂಚಿಹೋಗಿರುವ ಸಾಮಾನ್ಯ ಬಳಕೆಯ ಕಂಪ್ಯೂಟರ್‌ಗಳನ್ನು ಗ್ರಂಥಾಲಯಕ್ಕೆ ತಂದು ಒಂದೇ ಸೂರಿನಡಿ ಇಡುವುದು ಮೊದಲು ಆಗಬೇಕಾದ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಯವರಿಗಾಗಿ ವಾಚನಾಲಯವನ್ನು ತಡರಾತ್ರಿವರೆಗೆ ತೆರೆದಿಡುವ ಕಡೆಗಳಲ್ಲಿ ಕಾವಲುಗಾರನೂ ದೀಪವೂ ಹೇಗೂ ಇವೆ. ನೋಡಿಕೊಳ್ಳಲು ವಿದ್ಯಾರ್ಥಿಗಳನ್ನೇ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟು ನೇಮಿಸಬಹುದು, ಬಡ ವಿದ್ಯಾರ್ಥಿಗೆ ಅದು ಆಸರೆಯೂ ಹೌದು. ದೂರದ ಮಹಿಳಾ ಹಾಸ್ಟೆಲ್‌ಗೆ ಹತ್ತು ಯಂತ್ರಗಳ ಒಂದು ಕೋಣೆ ಸಾಕು. ಬಳಕೆಯಲ್ಲಿ ಕೆಟ್ಟ ಉಪಕರಣಕ್ಕೆ ಉಸ್ತುವಾರಿಯವರು ವೈಯಕ್ತಿಕವಾಗಿ ಹೊಣೆಯಲ್ಲ ಎಂದು ಉನ್ನತ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಲ್ಯಾಬು ತೆರೆದಿದ್ದ ಗಂಟೆಗಳ ಮತ್ತು ಬಳಸಿದವರ ಲೆಕ್ಕವನ್ನು ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕದ ವಿಶ್ವವಿದ್ಯಾಲಯಕ್ಕೆ ಹೊಸ ಕಂಪ್ಯೂಟರ್ ಖರೀದಿಯ ಅನುದಾನವನ್ನು ಸರ್ಕಾರ ಕೊಡಬಾರದು.